ಒಂದು ಖಾತೆ, ಎರಡು ಯಂತ್ರ



ಕಳೆದ ತಿಂಗಳ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಮಕ್ಕಳ ಪರೀಕ್ಷೆಯ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದೆ. ನಾಲವಾರದ ನಮ್ಮ ಓಣಿಯ ಸೋದರಿಯೊಬ್ಬಳು ಬಾಗಿಲಲ್ಲಿ ನಿಂತು ಸಲಾಂ ಹೇಳಿದಳು. ಅವಳ ಮಗಳು ನನ್ನಲ್ಲಿ ಕಲಿಯುತ್ತಾಳೆ. ಪತಿ ಸೌದಿಯ ದಮ್ಮಾಮ್‌ನಲ್ಲಿ ದುಡಿಯುತ್ತಾರೆ. ಅವಳ ಕೈಯಲ್ಲಿ ಹೊಸ ಫೋನಿತ್ತು. ಕಣ್ಣುಗಳು ಮಾತ್ರ ಅತ್ತು ಕೆಂಪಾಗಿದ್ದವು.

"ಆಪಾ, ಮೂರು ದಿನ ಆಯ್ತು. ನಾನು ಬರೆದದ್ದೆಲ್ಲ ಹೋಗ್ತಿದೆ, ಅವರಿಂದ ಒಂದು ಉತ್ತರ ಇಲ್ಲ. ಅದರ ಮೇಲೆ ಯಾರೋ ಗೊತ್ತಿಲ್ಲದ ನಂಬರಿನಿಂದ ನನಗೆ ಬಂದ ಕೋಡ್ ಕೇಳ್ತಿದ್ದಾರೆ. ನಾನು ನಿನ್ನ ಗಂಡ ಅಂತಲೇ ಹೇಳ್ತಾರೆ. ನೀವು ತಾಯಂದಿರ ಸಭೆಯಲ್ಲಿ ಹೇಳಿದ್ರಲ್ಲ, ಕೋಡ್ ಯಾರಿಗೂ ಕೊಡಬೇಡಿ ಅಂತ. ನಾನು ಕೊಟ್ಟಿಲ್ಲ."

ನಾನು ಫೋನ್ ತೆಗೆದುಕೊಂಡು ವಾಟ್ಸಪ್ ತೆರೆದೆ. ಅವಳು ಮೂರು ದಿನಗಳಿಂದ ಪತಿಗೆ ಬರೆದ ಸಂದೇಶಗಳು ಸಾಲಾಗಿ ನಿಂತಿದ್ದವು. ಮೇಲೆ ಪತಿಯ ಹೆಸರು. ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಒಂದು ಸಣ್ಣ ಪದ: 'ನೀವು'.

ಆ ಒಂದು ಪದ ನೋಡಿದೊಡನೆ ವಿಷಯ ತಿಳಿಯಿತು. ಪಾಪ, ಆ ಸೋದರಿ ಮೂರು ದಿನಗಳಿಂದ ತನಗೆ ತಾನೇ ಪತ್ರ ಬರೆಯುತ್ತಿದ್ದಳು!

ನಡೆದದ್ದು ಇಷ್ಟು. ಪತಿಯ ಊರಿನ ಸಿಮ್ ಮನೆಯಲ್ಲೇ ಇತ್ತು. ಅದೇ ನಂಬರಿನ ವಾಟ್ಸಪ್ಪನ್ನು ಅವರು ದಮ್ಮಾಮ್‌ನಲ್ಲಿ ಬಳಸುತ್ತಿದ್ದರು, ಏಕೆಂದರೆ ಊರಿನವರಿಗೆಲ್ಲ ಗೊತ್ತಿರುವುದು ಆ ನಂಬರೇ. ನಂಬರ್ ರದ್ದಾಗದಿರಲೆಂದು ಇವಳು ಆಗಾಗ ರೀಚಾರ್ಜ್ ಮಾಡಿಸುತ್ತಿದ್ದಳು. ಹಳೆಯ ಫೋನ್ ಕೆಟ್ಟು ಹೊಸದನ್ನು ಕೊಂಡಾಗ, ಅಂಗಡಿಯ ಹುಡುಗ ಮೊದಲ ಕಿಂಡಿಗೆ ಪತಿಯ ಸಿಮ್, ಎರಡನೆಯದಕ್ಕೆ ಇವಳ ಸಿಮ್ ಹಾಕಿದ. ವಾಟ್ಸಪ್ ಹಾಕುವಾಗ ಮೊದಲ ಸಿಮ್ಮಿನ ನಂಬರನ್ನೇ ಒತ್ತಿದ. ಆರು ಅಂಕಿಯ ಕೋಡ್ ಅದೇ ಫೋನಿಗೆ ಬಂತು, ಖಾತೆ ತೆರೆಯಿತು. ಅದೇ ಕ್ಷಣ ದಮ್ಮಾಮ್‌ನಲ್ಲಿ ಪತಿಯ ಫೋನಿನಿಂದ ವಾಟ್ಸಪ್ ಹೊರಗೆ ಬಿತ್ತು. ಅವರು ಮತ್ತೆ ಒಳಗೆ ಬರಲು ಯತ್ನಿಸಿದಾಗೆಲ್ಲ ಕೋಡ್ ಬರುತ್ತಿದ್ದುದು ಇಲ್ಲಿಗೆ, ಇವಳ ಕೈಗೆ. ಇವಳು ಕಳ್ಳರೆಂದು ಹೆದರಿ ಅಳಿಸುತ್ತಿದ್ದಳು. ಅವರ ಫೋನಿನಲ್ಲಿ ಕರೆಗೆ ಹಣವಿರಲಿಲ್ಲ. ಕೋಣೆಯ ಗೆಳೆಯನ ಫೋನಿನಿಂದ ಬರೆದರೆ, ಕರೆದರೆ, ಇವಳು ಎತ್ತುತ್ತಿರಲಿಲ್ಲ.

ಅಲ್ಲಿ ಅವರು, ಹೆಂಡತಿ ಬೇಕೆಂದೇ ತನ್ನನ್ನು ದೂರವಿಟ್ಟಿದ್ದಾಳೆ ಎಂದುಕೊಂಡರು. ಇಲ್ಲಿ ಇವಳು, ಪತಿ ಮುನಿಸಿಕೊಂಡಿದ್ದಾರೆ ಎಂದು ಅತ್ತಳು. ಇಬ್ಬರದೂ ತಪ್ಪಿಲ್ಲ. ಒಂದು ಖಾತೆ ಎರಡು ಯಂತ್ರಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು ಅಷ್ಟೇ.

ಇಂಥ ತೊಂದರೆ ನಮ್ಮಲ್ಲಿ ಅನೇಕ ಮನೆಗಳಲ್ಲಿ ಆಗುತ್ತಿದೆ. ಆದ್ದರಿಂದ ಈ ಸಲ ಇದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಳೆಯ ಜಗಳ

ಈ ಜಗಳ ಹೊಸತಲ್ಲ. 2007ರ ಮಾತು. ಮದ್ರಸದ ಓದು ಮುಗಿಸಿ, ಬಿ.ಎ. ಪರೀಕ್ಷೆಗೆ ಕಟ್ಟಿದ್ದೆ. ನನ್ನ ಅಣ್ಣ ಜಿದ್ದಾದಲ್ಲಿದ್ದ. ಫೋನ್ ಕರೆ ದುಬಾರಿ. ಹಾಗಾಗಿ ಮನೆಯವರಿಗೆಲ್ಲ ಸೇರಿ ಒಂದು ಯಾಹೂ ಮೆಸೆಂಜರ್ ಖಾತೆ ತೆರೆದೆವು. ವಾರಕ್ಕೊಮ್ಮೆ ಅಮ್ಮಿಯನ್ನು ಕರೆದುಕೊಂಡು ರೈಲಿನಲ್ಲಿ ವಾಡಿಗೆ ಹೋಗಿ, ಸೈಬರ್ ಕೆಫೆಯಲ್ಲಿ ಕುಳಿತು ಅಣ್ಣನಿಗೆ ಬರೆಯುತ್ತಿದ್ದೆ. ತಮ್ಮ ಗುಲ್ಬರ್ಗದಲ್ಲಿ ಓದುತ್ತಿದ್ದ. ಅವನೂ ಅದೇ ಖಾತೆಯನ್ನು ಹಾಸ್ಟೆಲಿನ ಗೆಳೆಯನ ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದ.

ನಾನು ಒಳಗೆ ಹೋದರೆ ಅವನು ಹೊರಗೆ ಬೀಳುತ್ತಿದ್ದ. ಅವನು ಬಂದರೆ ನಾನು ಹೊರಗೆ. 'ನೀವು ಇನ್ನೊಂದು ಕಂಪ್ಯೂಟರಿನಲ್ಲಿ ಸೈನ್ ಇನ್ ಆಗಿರುವುದರಿಂದ ಇಲ್ಲಿ ಸೈನ್ ಔಟ್ ಮಾಡಲಾಗಿದೆ' ಎಂಬ ಅರ್ಥದ ಸೂಚನೆ ಬರುತ್ತಿತ್ತು. ಕೆಫೆಯ ಗಂಟೆ ಓಡುತ್ತಿತ್ತು. ನಾನು ಸಿಟ್ಟಿನಲ್ಲಿ ಮತ್ತೆ ಪಾಸ್‌ವರ್ಡ್ ಒತ್ತುತ್ತಿದ್ದೆ. ಆ ಕಂಪ್ಯೂಟರಿನಲ್ಲಿ 'ತಾನಾಗಿ ಸೈನ್ ಇನ್ ಆಗು' ಎಂಬ ಚೌಕಕ್ಕೆ ಗುರುತು ಹಾಕಿದ್ದರೆ ತಮ್ಮ ಎದ್ದು ಹೋದ ಮೇಲೂ ಯಂತ್ರ ಬಿಡುತ್ತಿರಲಿಲ್ಲ. ಗೆಳೆಯ ಕಂಪ್ಯೂಟರ್ ಚಾಲೂ ಮಾಡಿದೊಡನೆ ಅದು ನನ್ನನ್ನು ಹೊರದಬ್ಬುತ್ತಿತ್ತು.

ಇನ್ನೂ ದೊಡ್ಡ ತೊಂದರೆ ಬೇರೆಯಿತ್ತು. ನಾವಿಲ್ಲದಾಗ ಬಂದ ಸಂದೇಶವನ್ನು ಯಾಹೂ ಕಾದಿರಿಸಿ, ಮುಂದೆ ಮೊದಲು ಸೈನ್ ಇನ್ ಆದ ಕಂಪ್ಯೂಟರಿಗೆ ಕೊಟ್ಟುಬಿಡುತ್ತಿತ್ತು. ಅಣ್ಣ ಅಮ್ಮಿಗೆಂದು ಬರೆದ ಮಾತು ಗುಲ್ಬರ್ಗದ ಹಾಸ್ಟೆಲಿನಲ್ಲಿ ಇಳಿಯುತ್ತಿತ್ತು. ತಮ್ಮ ಓದಿ ಮರೆತರೆ ಮುಗಿಯಿತು. ಒಂದು ಸಲ ಅಣ್ಣ ಊರಿಗೆ ಬರುವ ದಿನವೇ ಹೀಗೆ ಕಳೆದುಹೋಯಿತು. ಅವನು ಪೆಟ್ಟಿಗೆ ಹೊತ್ತು ನಾಲವಾರ ಸ್ಟೇಷನ್ನಿನಲ್ಲಿ ಇಳಿದಾಗ ಕರೆದುಕೊಂಡು ಬರಲು ಯಾರೂ ಇರಲಿಲ್ಲ. ಅಮ್ಮಿ ಆ ನೋವನ್ನು ಬಹಳ ದಿನ ಹೇಳುತ್ತಿದ್ದರು.

ಪರಿಹಾರ ಬಹಳ ಸರಳವಿತ್ತು. ಆ ಚೌಕದ ಗುರುತು ತೆಗೆಯುವುದು, ಏಳುವಾಗ ಸೈನ್ ಔಟ್ ಮಾಡುವುದು, ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆಯುವುದು. ಖಾತೆ ತೆರೆಯಲು ದುಡ್ಡೂ ಬೇಡವಾಗಿತ್ತು. ನಮಗೆ ಅದು ಹೊಳೆದದ್ದು ಅಣ್ಣ ಸ್ಟೇಷನ್ನಿನಲ್ಲಿ ಒಬ್ಬನೇ ನಿಂತ ಮೇಲೆ.

ಯಂತ್ರ ಹೀಗೇಕೆ ಮಾಡುತ್ತದೆ?

ಸಂದೇಶ ತಲುಪಿಸುವ ಕೇಂದ್ರಕ್ಕೆ ಗೊತ್ತಿರುವುದು ಖಾತೆಯ ಹೆಸರು ಮಾತ್ರ. ಒಂದೇ ಹೆಸರಿನಲ್ಲಿ ಎರಡು ಕಡೆಯಿಂದ 'ನಾನಿದ್ದೇನೆ' ಎಂದರೆ ಅದು ಏನು ಮಾಡಬೇಕು? ಇದಕ್ಕೆ ಮೂರು ದಾರಿಗಳು ಬಳಕೆಗೆ ಬಂದವು.

ಮೊದಲನೆಯದು, ಕೊನೆಗೆ ಬಂದವರಿಗೆ ಜಾಗ, ಮೊದಲಿದ್ದವರು ಹೊರಗೆ. ಆಗಿನ ಯಾಹೂ ಮತ್ತು ಎಂಎಸ್ಎನ್ ಮೆಸೆಂಜರ್‌ಗಳದು ಈ ದಾರಿ. ಎರಡನೆಯದು, ಎರಡೂ ಯಂತ್ರಗಳಿಗೆ ಜಾಗ. ಜಾಬರ್ ಎಂಬ ಪದ್ಧತಿಯಲ್ಲಿ ಖಾತೆಯ ಹೆಸರಿನ ಮುಂದೆ ಯಂತ್ರಕ್ಕೊಂದು ಬೇರೆ ಹೆಸರು ಸೇರುತ್ತಿತ್ತು. ಒಂದೇ ಮನೆತನದ ಹೆಸರಿರುವ ಅಣ್ಣ ತಮ್ಮಂದಿರನ್ನು ಸ್ವಂತ ಹೆಸರಿನಿಂದ ಗುರುತಿಸುವ ಹಾಗೆ. ಆ ಎರಡನೇ ಹೆಸರೂ ಒಂದೇ ಆದರೆ ಮಾತ್ರ ಘರ್ಷಣೆ. 2005ರಲ್ಲಿ ಬಂದ ಗೂಗಲ್ ಟಾಕ್ ಈ ಪದ್ಧತಿಯದು. 2009ರ ಆವೃತ್ತಿಯಿಂದ ಮೈಕ್ರೋಸಾಫ್ಟಿನ ಮೆಸೆಂಜರ್ ಕೂಡ ಒಂದಕ್ಕಿಂತ ಹೆಚ್ಚು ಕಡೆ ಸೈನ್ ಇನ್ ಆಗಲು ಬಿಟ್ಟಿತು. ಈಗ ಅವೆಲ್ಲ ಇಲ್ಲ. ಯಾಹೂ ಮೆಸೆಂಜರ್ 2018ರ ಜುಲೈ 17ರಂದು ಮುಚ್ಚಿತು. ಮೈಕ್ರೋಸಾಫ್ಟಿನ ಮೆಸೆಂಜರನ್ನು 2013ರಲ್ಲಿ ಸ್ಕೈಪಿಗೆ ಸೇರಿಸಿದರು. ಆ ಸ್ಕೈಪೂ 2025ರ ಮೇ ತಿಂಗಳಲ್ಲಿ ನಿಂತಿತು.

ಮೂರನೆಯ ದಾರಿ ವಾಟ್ಸಪ್ಪಿನದು. ಇಲ್ಲಿ ಒಂದು ಫೋನ್ ಮನೆಯ ಯಜಮಾನನಂತೆ. ಉಳಿದ ಯಂತ್ರಗಳು ಅದರ ಅನುಮತಿಯಿಂದ ಸೇರುವ ಜೊತೆಗಾರರು. 2015ರಲ್ಲಿ ಕಂಪ್ಯೂಟರಿನಲ್ಲಿ ವಾಟ್ಸಪ್ ವೆಬ್ ಬಂದಾಗ ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್ ನಡೆಯುತ್ತಿತ್ತು, ಫೋನಿನ ಇಂಟರ್‌ನೆಟ್ಟೂ ಚಾಲೂ ಇರಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು. ಮುಖ್ಯ ಫೋನಿನ ಜೊತೆಗೆ ನಾಲ್ಕು ಯಂತ್ರಗಳನ್ನು ಜೋಡಿಸಬಹುದು. 2023ರಿಂದ ಆ ನಾಲ್ಕರಲ್ಲಿ ಇನ್ನೊಂದು ಫೋನೂ ಇರಬಹುದು. ಆದರೆ ನಂಬರನ್ನು ಹೊಸ ಫೋನಿನಲ್ಲಿ ಮುಖ್ಯವಾಗಿ ನೋಂದಾಯಿಸಿದರೆ ಹಳೆಯ ಫೋನ್ ಹೊರಗೆ ಹೋಗಲೇಬೇಕು. ದಮ್ಮಾಮ್‌ನಲ್ಲಿ ಆದದ್ದು ಇದೇ.

ಅಂದರೆ ಜೋಡಿಸುವುದು ಬೇರೆ, ನೋಂದಾಯಿಸುವುದು ಬೇರೆ. ಈ ವ್ಯತ್ಯಾಸವೊಂದು ತಿಳಿದರೆ ಅರ್ಧ ತೊಂದರೆ ಹೋಯಿತು.

ಪರದೆ ಏನು ಹೇಳುತ್ತಿದೆ, ಓದಿ

ಸೂಚನೆ ಬಂದೊಡನೆ ಗಾಬರಿಯಾಗಿ ಮತ್ತೆ ಮತ್ತೆ ಒತ್ತಬೇಡಿ. ಕೋಡನ್ನು ಪದೇ ಪದೇ ಕೇಳಿದಷ್ಟೂ ಕಾಯಿಸುವ ಸಮಯ ಹೆಚ್ಚುತ್ತದೆ. ಮೊದಲು ಓದಿ.

ಕಂಪ್ಯೂಟರಿನಲ್ಲಿ 'ವಾಟ್ಸಪ್ ಇನ್ನೊಂದು ಕಿಟಕಿಯಲ್ಲಿ ತೆರೆದಿದೆ, ಇಲ್ಲಿ ಬಳಸಿ' ಎಂದು ಬಂದರೆ ಹೆದರುವಂಥದ್ದೇನೂ ಇಲ್ಲ. ಅದೇ ಬ್ರೌಸರಿನಲ್ಲಿ ನೀವೇ ಎರಡು ಸಲ ತೆರೆದಿರುತ್ತೀರಿ. ಒಂದನ್ನು ಮುಚ್ಚಿ, ಇನ್ನೊಂದರಲ್ಲಿ ಒತ್ತಿದರೆ ಸಾಕು.

ಕಂಪ್ಯೂಟರ್ ಮತ್ತೆ ಕ್ಯೂಆರ್ ಚಿತ್ರ ತೋರಿಸಿ ಜೋಡಿಸಲು ಕೇಳಿದರೆ, ಮುಖ್ಯ ಫೋನ್ ಬಳಸದೆ 14 ದಿನ ದಾಟಿದೆಯೇ ನೋಡಿ. ಹಾಗಾದರೆ ಜೋಡಿಸಿದ ಯಂತ್ರಗಳೆಲ್ಲ ತಾವಾಗಿ ಕಳಚಿಕೊಳ್ಳುತ್ತವೆ. ಆಸ್ಪತ್ರೆ, ಪ್ರಯಾಣ ಎಂದು ಫೋನ್ ಮುಚ್ಚಿಟ್ಟ ಮನೆಗಳಲ್ಲಿ ಇದು ಆಗುತ್ತದೆ. ಇನ್ನೊಂದು ಕಾರಣವೂ ಇರಬಹುದು. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಇಂಥ ಕಂಪನಿಗಳಿಗೆ ಒಂದು ನಿರ್ದೇಶನ ಕೊಟ್ಟಿತು. ನೋಂದಾಯಿಸಿದ ಸಿಮ್ ಆ ಫೋನಿನಲ್ಲೇ ಇದ್ದರೆ ಮಾತ್ರ ಖಾತೆ ನಡೆಯಬೇಕು, ಕಂಪ್ಯೂಟರಿನಲ್ಲಿ ತೆರೆದದ್ದು ಹೆಚ್ಚೆಂದರೆ ಆರು ಗಂಟೆಗೊಮ್ಮೆ ಲಾಗ್ ಔಟ್ ಆಗಬೇಕು ಎಂದು. ಮೋಸ ತಡೆಯುವುದು ಅದರ ಉದ್ದೇಶ. ಸಿಮ್ ಊರಿನಲ್ಲಿಟ್ಟು ಖಾತೆಯನ್ನು ಪರದೇಶದಲ್ಲಿ ಬಳಸುವ ನಮ್ಮ ಮನೆಗಳು ಇದನ್ನು ಮುಖ್ಯವಾಗಿ ಗಮನಿಸಬೇಕು.

ಫೋನಿನಲ್ಲಿ 'ಈ ನಂಬರ್ ಈ ಫೋನಿನಲ್ಲಿ ಈಗ ನೋಂದಣಿಯಾಗಿಲ್ಲ' ಎಂಬ ಅರ್ಥದ ಮಾತು ಬಂದರೆ ಮಾತ್ರ ಎಚ್ಚರವಾಗಬೇಕು. ನಿಮ್ಮ ನಂಬರನ್ನು ಬೇರೆ ಯಾರೋ, ಬೇರೆಲ್ಲೋ ನೋಂದಾಯಿಸಿದ್ದಾರೆ. ಆ 'ಯಾರೋ' ಮನೆಯವರೇ ಇರಬಹುದು, ಕಳ್ಳನೂ ಇರಬಹುದು. ಮೊದಲು ಮನೆಯಲ್ಲಿ ಕೇಳಿ: ಯಾರಾದರೂ ಸಿಮ್ ಬದಲಿಸಿದಿರಾ, ಹೊಸ ಫೋನಿಗೆ ವಾಟ್ಸಪ್ ಹಾಕಿಸಿದಿರಾ? ಹೌದಾದರೆ ಜಗಳ ಬೇಡ. ಇಲ್ಲವಾದರೆ ತಡ ಮಾಡದೆ ನಿಮ್ಮ ಫೋನಿನಲ್ಲಿ ಮತ್ತೆ ನೋಂದಾಯಿಸಿ. ಹೊಸ ಕೋಡ್ ಹಾಕಿದೊಡನೆ ಆಚೆಯವನು ಹೊರಗೆ ಬೀಳುತ್ತಾನೆ. ಅವನು ಗುಪ್ತ ಪಿನ್ ಇಟ್ಟಿದ್ದರೆ ನೀವು ಒಳಗೆ ಬರಲು 7 ದಿನ ಕಾಯಬೇಕಾಗಬಹುದು. ಆದರೆ ಅವನೂ ಅಷ್ಟರಲ್ಲಿ ಹೊರಗಿರುತ್ತಾನೆ. ಆದ್ದರಿಂದ ಆ ಆರಂಕಿಯ ಪಿನ್ ಅನ್ನು ನೀವೇ ಮೊದಲು ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಖಾತೆ, ಅದರೊಳಗೆ ಎರಡು ಹಂತದ ದೃಢೀಕರಣ ಎಂದಿರುತ್ತದೆ. ಆ ಸೋದರಿಯ ಪತಿ ಅದನ್ನು ಇಟ್ಟಿದ್ದರೆ ಅಂಗಡಿಯ ಹುಡುಗನ ಕೈಯಲ್ಲಿ ಖಾತೆ ತೆರೆಯುತ್ತಲೇ ಇರಲಿಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತಿತ್ತು.

ಝೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಬಂದ ಬಾಗಿಲು

ಚಿತ್ತಾಪುರಕ್ಕೋ ಶಹಾಬಾದಿಗೋ ಹೋದಾಗ ನಾವೆಲ್ಲ ಮಾಡುವ ಕೆಲಸ ಒಂದಿದೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಯ ಕಾಗದ ಫೋನಿನಲ್ಲಿರುತ್ತದೆ. ಅಂಗಡಿಯವನು 'ಕೊಡಿ ಅಕ್ಕ' ಎಂದು ನಮ್ಮ ವಾಟ್ಸಪ್ಪನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಪ್ರಿಂಟ್ ತೆಗೆಯುತ್ತಾನೆ. ನಾವು ಹಣ ಕೊಟ್ಟು ಬಸ್ ಹಿಡಿಯುತ್ತೇವೆ. ನಮ್ಮ ಖಾತೆ ಅಲ್ಲೇ ತೆರೆದಿರುತ್ತದೆ. ಅಂಗಡಿಯವನು ಒಳ್ಳೆಯವನೇ ಇರಬಹುದು. ಆದರೆ ಆ ಕುರ್ಚಿಯಲ್ಲಿ ಮುಂದೆ ಕೂರುವವರು ಯಾರು? ನಮ್ಮ ಮನೆಯ ಮಾತು, ಮಕ್ಕಳ ಫೋಟೋ, ಆಸ್ಪತ್ರೆಯ ಚೀಟಿ, ಎಲ್ಲವೂ ಅವರ ಮುಂದೆ.

ಹಿಂದೆ ಯಾಹೂ ಕಾಲದಲ್ಲಿ ಇಬ್ಬರು ಒಟ್ಟಿಗೆ ಇರಲಾಗುತ್ತಿರಲಿಲ್ಲವಾದ್ದರಿಂದ ಯಾರೋ ಒಳಗೆ ಬಂದದ್ದು ತಕ್ಷಣ ಗೊತ್ತಾಗುತ್ತಿತ್ತು. ಈಗ ಹಲವು ಯಂತ್ರಗಳು ಸದ್ದಿಲ್ಲದೆ ಒಟ್ಟಿಗೆ ನಡೆಯುತ್ತವೆ. ಅನುಕೂಲ ಹೆಚ್ಚಿತು, ಎಚ್ಚರಿಸುವ ಸದ್ದು ಕಡಿಮೆಯಾಯಿತು. ಆದ್ದರಿಂದ ನೋಡುವ ಕೆಲಸ ನಮ್ಮದಾಯಿತು.

ಈಗಲೇ ನಿಮ್ಮ ವಾಟ್ಸಪ್ ತೆರೆಯಿರಿ. ಮೂಲೆಯ ಮೂರು ಚುಕ್ಕೆ ಅಥವಾ ಸೆಟ್ಟಿಂಗ್ಸ್ ಒತ್ತಿ, 'ಲಿಂಕ್ಡ್ ಡಿವೈಸಸ್' ಎಂಬುದನ್ನು ನೋಡಿ. ಅಲ್ಲಿ ಜೋಡಿಸಿದ ಯಂತ್ರಗಳ ಪಟ್ಟಿ, ಅವು ಕೊನೆಯ ಸಲ ಯಾವಾಗ ನಡೆದವು ಎಂಬುದು ಕಾಣುತ್ತದೆ. ಗುರುತಿಲ್ಲದ್ದನ್ನು ಒತ್ತಿ ಲಾಗ್ ಔಟ್ ಮಾಡಿ. ಯಾವುದು ಎಂಬ ಸಂಶಯವಿದ್ದರೆ ಎಲ್ಲವನ್ನೂ ತೆಗೆಯಿರಿ. ನಿಮ್ಮದನ್ನು ಮತ್ತೆ ಜೋಡಿಸಲು ಒಂದು ನಿಮಿಷ ಸಾಕು. ತಿಂಗಳಿಗೊಮ್ಮೆ ಗ್ಯಾಸ್ ಪೈಪ್ ನೋಡುವಂತೆ ಇದನ್ನೂ ನೋಡುವ ರೂಢಿ ಇರಲಿ.

ಕಳ್ಳ ಬರುವ ದಾರಿಗಳು

ಖಾತೆ ಕದಿಯುವವರಿಗೆ ಹಳ್ಳಿ, ಪಟ್ಟಣ, ಬಡವ, ಪ್ರಸಿದ್ಧ ಎಂಬ ಭೇದವಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನಟ ಉಪೇಂದ್ರ ಮತ್ತು ಅವರ ಪತ್ನಿ ಪ್ರಿಯಾಂಕಾ ಅವರಿಗೆ ಆದದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು. ಆನ್‌ಲೈನಿನಲ್ಲಿ ತರಿಸಿದ ವಸ್ತು ತಲುಪಿಸುವ ನೆಪದಲ್ಲಿ ಪ್ರಿಯಾಂಕಾ ಅವರಿಗೆ ಕರೆ ಬಂತು. ಸ್ಟಾರ್, ಹ್ಯಾಶ್ ಇರುವ ಅಂಕಿಗಳನ್ನು ಒತ್ತಲು ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಅವರ ವಾಟ್ಸಪ್ ಬೇರೆಯವರ ಕೈ ಸೇರಿತ್ತು. ಪರಿಚಿತರಿಗೆಲ್ಲ ಅವರ ಹೆಸರಿನಲ್ಲಿ ಹಣ ಕೇಳುವ ಸಂದೇಶ ಹೋಯಿತು.

ಇಂಥ ಅಂಕಿಗಳು ನಮ್ಮ ಕರೆಗಳನ್ನು ಕಳ್ಳನ ನಂಬರಿಗೆ ತಿರುಗಿಸಬಲ್ಲವು. ವಾಟ್ಸಪ್ ತನ್ನ ಕೋಡನ್ನು ಕರೆಯ ಮೂಲಕವೂ ಹೇಳುತ್ತದೆಯಷ್ಟೆ. ಆ ಕರೆ ಕಳ್ಳನಿಗೆ ಹೋದರೆ ನಾವು ಕೋಡ್ ಕೊಡದೆಯೂ ಅವನಿಗೆ ಸಿಕ್ಕಿಬಿಡುತ್ತದೆ. ಹಾಗೇನಾದರೂ ಒತ್ತಿಬಿಟ್ಟಿದ್ದರೆ ##002# ಎಂದು ಒತ್ತಿ ಕರೆ ಮಾಡಿ. ಬಹುತೇಕ ಕಡೆ ಕರೆ ತಿರುಗಿಸುವುದೆಲ್ಲ ರದ್ದಾಗುತ್ತದೆ.

2025ರ ಡಿಸೆಂಬರಿನಲ್ಲಿ ಕೇಂದ್ರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ ಇನ್ನೊಂದು ದಾರಿಯ ಬಗ್ಗೆ ಎಚ್ಚರಿಸಿತು. ಪರಿಚಿತರ ನಂಬರಿನಿಂದಲೇ 'ಈ ಫೋಟೋ ನೋಡು' ಎಂಬಂಥ ಕೊಂಡಿ ಬರುತ್ತದೆ. ಒತ್ತಿದರೆ ನಿಮ್ಮ ಫೋನ್ ನಂಬರ್ ಕೇಳುತ್ತದೆ. ಬಳಿಕ ಒಂದು ಕೋಡ್ ತೋರಿಸಿ ಅದನ್ನು ವಾಟ್ಸಪ್ಪಿನಲ್ಲಿ ಹಾಕಲು ಹೇಳುತ್ತದೆ. ಹಾಕಿದರೆ ಕಳ್ಳನ ಕಂಪ್ಯೂಟರನ್ನು ನೀವೇ ಕೈಯಾರೆ ಜೋಡಿಸಿದಂತೆ. ನಿಮ್ಮ ಫೋನ್ ಎಂದಿನಂತೆ ನಡೆಯುತ್ತದೆ, ಹೊರಗೆ ಬೀಳುವುದಿಲ್ಲ. ಗೊತ್ತಾಗುವುದು ಆ ಪಟ್ಟಿಯನ್ನು ನೋಡಿದಾಗ ಮಾತ್ರ.

ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

ಹಾಗಾದರೆ ಕೋಡ್ ಯಾರಿಗೂ ಕೊಡಬಾರದೇ?

ಆ ಸೋದರಿ ನನ್ನ ಮಾತನ್ನೇ ಪಾಲಿಸಿದಳು. ಅವಳದು ಸರಿಯೇ. ಕಲಿಸಿದ ನಾನು ಅರ್ಧ ಮಾತ್ರ ಕಲಿಸಿದ್ದೆ. 'ಯಾರಿಗೂ ಕೊಡಬೇಡಿ' ಎಂದವಳು, 'ಕೇಳಿದವರು ಯಾರೆಂದು ತಿಳಿಯುವುದು ಹೇಗೆ' ಎಂಬುದನ್ನು ಹೇಳಿರಲಿಲ್ಲ.

ಬರವಣಿಗೆಯಲ್ಲಿ ಬಂದ ಬೇಡಿಕೆಯನ್ನು ಎಂದೂ ನಂಬಬೇಡಿ. ಹೆಸರು, ಫೋಟೋ ಯಾರೂ ಹಾಕಬಹುದು. ನೀವೇ ಕರೆ ಮಾಡಿ, ಮುಖ ನೋಡಿ, ಮಾತಾಡಿ. ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾತು ಕೇಳಿ. ಆ ಮೇಲೂ ನೆನಪಿಡಿ: ಆ ಕೋಡ್ ಅವರ ಖಾತೆಯದೇ ಆಗಿದ್ದರೆ ಮಾತ್ರ ಅವರಿಗೆ ಸೇರಬೇಕಾದದ್ದು. ನಿಮ್ಮ ಖಾತೆಯ ಕೋಡ್ ಯಾರಿಗೂ ಸೇರಿದ್ದಲ್ಲ.

ನಾನು ನನ್ನ ಫೋನಿನಿಂದ ಆ 'ಗೊತ್ತಿಲ್ಲದ' ನಂಬರಿಗೆ ವಿಡಿಯೋ ಕರೆ ಮಾಡಿದೆ. ಪರದೆಯ ಮೇಲೆ ಅವಳ ಪತಿಯ ಮುಖ ಬಂತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವರು ಅಲ್ಲಿ ಕೋಡ್ ಕೇಳಿದರು, ಅದು ಇಲ್ಲಿಗೆ ಬಂತು, ಅವಳು ಓದಿ ಹೇಳಿದಳು. ಅವರ ಖಾತೆ ಅವರಿಗೆ ಮರಳಿತು. ಇಲ್ಲಿ ಅವಳದೇ ನಂಬರಿನಲ್ಲಿ ಅವಳ ಖಾತೆ ತೆರೆದೆವು. ಅವರು ಪಿನ್ ಇಟ್ಟುಕೊಂಡರು. 'ನಂಬರ್ ಬದಲಿಸಿ' ಎಂಬ ಸೌಲಭ್ಯದಿಂದ ಖಾತೆಯನ್ನು ಅವರ ಕೈಯಲ್ಲಿರುವ ಸೌದಿ ನಂಬರಿಗೆ ಸಾಗಿಸಲೂ ಹೇಳಿದೆ. ಗುಂಪುಗಳು ಹಾಗೆಯೇ ಉಳಿಯುತ್ತವೆ, ಊರಿನ ಸಿಮ್ಮಿನ ಹಂಗು ತಪ್ಪುತ್ತದೆ. ಊರಿನ ಸಿಮ್ಮಿಗೆ ಬ್ಯಾಂಕ್ ಖಾತೆ ಸೇರಿದೆ, ಅದನ್ನು ಮಾತ್ರ ಜೀವಂತ ಇಡಬೇಕು. ಎಲ್ಲ ಸೇರಿ ಕಾಲು ಗಂಟೆಯ ಕೆಲಸ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಮೂರು ದಿನ ಪತಿಗೆ ಬಂದ ಸಂದೇಶಗಳು ಇವಳ ಫೋನಿಗೆ ಬಂದಿದ್ದವಲ್ಲ? ಅದರಲ್ಲಿ ಒಂದು, ಜೊತೆ ಕೆಲಸ ಮಾಡುವವನದು: 'ಸಂಬಳ ನಿಂತು ಎರಡು ತಿಂಗಳಾಯ್ತು, ಮನೆಗೆ ಹೇಳಿದೆಯಾ?' ಇವಳು ಓದಿದ್ದಳು. ಯಾರಿಗೆ ಬಂದದ್ದೆಂದು ಆಗ ತಿಳಿದಿರಲಿಲ್ಲ. ನನ್ನ ಮನೆಯಲ್ಲಿ ಕೂತಾಗ ತಿಳಿಯಿತು. ಕರೆಗೆ ಹಣವಿಲ್ಲದೆ ಗೆಳೆಯನ ಫೋನ್ ಬಳಸಿದ್ದು ಏಕೆಂದೂ ತಿಳಿಯಿತು.

"ಕೇಳಲಾ ಆಪಾ? ಕೇಳಿದರೆ ಅವರ ಪತ್ರ ಓದಿದ ಹಾಗಾಗುತ್ತೆ" ಎಂದಳು ಮೆಲ್ಲಗೆ.

ಸೋದರಿಯರೇ, ಸಲಾಂ ಹೇಳಿ, ಅನುಮತಿ ಕೇಳಿ ಇನ್ನೊಬ್ಬರ ಮನೆಯೊಳಗೆ ಹೋಗುವುದನ್ನು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಫೋನಿಗೂ ಅದೇ ರೀತಿ. ಗಂಡನ ಖಾತೆಯನ್ನು ಹೆಂಡತಿಯಾಗಲಿ, ಹೆಂಡತಿಯ ಖಾತೆಯನ್ನು ಗಂಡನಾಗಲಿ, ಸೊಸೆಯದನ್ನು ಅತ್ತೆಯಾಗಲಿ ಗುಟ್ಟಾಗಿ ತಮ್ಮ ಕಂಪ್ಯೂಟರಿಗೆ ಜೋಡಿಸಿಟ್ಟು ಓದುವುದು ಗೂಢಚಾರಿಕೆ. ಅದರಿಂದ ಯಾವ ಮನೆಯೂ ನೆಟ್ಟಗಾದದ್ದನ್ನು ನಾನು ಕಂಡಿಲ್ಲ. ಚಿಕ್ಕ ಮಕ್ಕಳ ಫೋನ್ ನೋಡಬೇಕಾದರೂ ಅವರಿಗೆ ಹೇಳಿಯೇ ನೋಡಿ. ಆದರೆ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದನ್ನು ಮನಸ್ಸಿನಲ್ಲಿಟ್ಟು ಕೊರಗುವುದೂ ಒಳ್ಳೆಯದಲ್ಲ. ನೇರವಾಗಿ ಹೇಳಿಬಿಡಬೇಕು.

ನಾನು ಅವಳಿಗೆ ಹೇಳಿದ್ದು ಅಷ್ಟೇ: "ಓದಿದೆ ಅಂತ ಮೊದಲು ಹೇಳು. ಆಮೇಲೆ ಕೇಳು." ನಾನು ಚಹಾ ಇಡಲು ಒಳಗೆ ಹೋದೆ. ಬಹಳ ಹೊತ್ತು ಅವರಿಬ್ಬರ ಮಾತು ಕೇಳಿಸುತ್ತಿತ್ತು. ಮೊದಲು ಅವಳ ದನಿ, ಆಮೇಲೆ ಅವರ ದನಿ, ನಡುವೆ ಮೌನ. ಚಹಾ ಎರಡು ಸಲ ಬಿಸಿ ಮಾಡಬೇಕಾಯಿತು.

ಹೋಗುವಾಗ ಅವಳು, "ಮುಂದಿನ ತಿಂಗಳಿಂದ ಹೊಲಿಗೆ ಮಿಷಿನ್ ಹೊರಗೆ ತೆಗೀತೀನಿ ಆಪಾ. ಅವರಿಗೂ ಹೇಳಿದೆ, ಇನ್ನು ಮೇಲೆ ಏನೂ ಮುಚ್ಚಿಡಬೇಡಿ ಅಂತ" ಎಂದಳು. ಫೋನನ್ನು ನನ್ನ ಮುಂದೆ ಹಿಡಿದು ಪತಿಯ ಹೆಸರನ್ನು ತೋರಿಸಿದಳು. ಪಕ್ಕದಲ್ಲಿ 'ನೀವು' ಎಂಬ ಪದ ಇರಲಿಲ್ಲ. ಕೆಳಗೆ ಅವರ ಮೊದಲ ಉತ್ತರ ಬಂದಿತ್ತು.